ಊರಿಗಾಂ ಲೈನಿನ ಉಪ್ಪುನೀರು

ಅಮ್ಮ ಇರುವವರೆಗೆ ಇದನ್ನು ಬರೆಯುವಂತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೂ ಬರೆದದ್ದು ಒಂದಲ್ಲ ಒಂದು ದಿನ ಯಾರದೋ ಬಾಯಿ ಹತ್ತಿ ಅವಳ ಕಿವಿಗೆ ಬೀಳುತ್ತಿತ್ತು. ಈಗ ಆ ಹೆದರಿಕೆ ಇಲ್ಲ. ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯೊಳಗೆ ನಾನು ಒಂದು ಪುಟ್ಟ ಕಡಲು ಕಟ್ಟಿದ್ದನ್ನೂ ಅದರ ನೀರಿಗೆ ವಿಷ ಬಿದ್ದದ್ದನ್ನೂ ಇನ್ನು ಹೇಳಬಹುದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆಂಟು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮದುವೆಯಾಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. ಅಪ್ಪ ಬಂಗಾರಪೇಟೆ ಪಕ್ಕದ ಹಳ್ಳಿಯ ರಾಗಿ ಹೊಲ ಬಿಟ್ಟು ಹದಿನೆಂಟಕ್ಕೇ ಗಣಿಗೆ ಇಳಿದವರು. ಅವರದು ಟಿಂಬರ್ ಕೆಲಸ, ಅಂದರೆ ನೆಲದಡಿಯಲ್ಲಿ ಬಂಡೆ ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು. ಮೂವತ್ತು ವರ್ಷ ಅದನ್ನು ಮಾಡಿ, ಎದೆಯೊಳಗೆ ಕಲ್ಲಿನ ದೂಳು ತುಂಬಿಕೊಂಡು, ವಯಸ್ಸಿಗೆ ಮುಂಚೆಯೇ ಮನೆ ಸೇರಿದ್ದರು. ನಾಲ್ಕು ಹೆಜ್ಜೆ ನಡೆದರೆ ಐದನೆಯದಕ್ಕೆ ಗೋಡೆ ಹಿಡಿಯಬೇಕಿತ್ತು. ಮಾತು ಮಾತ್ರ ಕಡಿಮೆಯಾಗಿರಲಿಲ್ಲ.

ಆ ಬೇಸಿಗೆಯಲ್ಲಿ ತರಬೇತಿಗೆಂದು ಮದ್ರಾಸಿಗೆ ಹೋದವಳು ಒಂದು ಮೀನಿನ ಅಂಗಡಿಯ ಹಿಂಬದಿಯಲ್ಲಿ ಅದನ್ನು ಕಂಡೆ. ಗಾಜಿನ ತೊಟ್ಟಿ, ಒಳಗೆ ಹವಳದ ಕಲ್ಲು, ಕಲ್ಲಿನ ಮೇಲೆ ಬೆರಳು ಬೆರಳಾಗಿ ಬಿಚ್ಚಿಕೊಂಡ ಒಂದು ಕಡಲಹೂವು. ಹೂವಲ್ಲ ಅದು, ಪ್ರಾಣಿ. ಬಾಯಿ ಇದೆ, ಹಸಿವು ಇದೆ. ನನಗೆ ಹುಚ್ಚು ಹಿಡಿಯಿತು. ಅಂಗಡಿಯ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲಿಂದ ಬಂದೆ ಎಂದು ಕೇಳಿ, ಊರಿನ ಹೆಸರು ಕೇಳಿದ ಮೇಲೆ ನಕ್ಕರು. ಒಂದು ವರ್ಷ ಬರೀ ಓದು, ಆಮೇಲೆ ಬರೀ ನೀರು ಇಟ್ಟುಕೊಂಡು ಕಾಯಿ, ಆಮೇಲೆ ಬಾ ಎಂದರು. ಹೊದಿಕೆ ಹರಿದ ಇಂಗ್ಲಿಷ್ ಪುಸ್ತಕವೊಂದನ್ನು ಕೈಗಿಟ್ಟರು.

ಒಂದು ವರ್ಷ ಓದಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ನೋಟ್‌ಬುಕ್ಕಿನ ತುಂಬ ಟಿಪ್ಪಣಿ ಬರೆದುಕೊಂಡು ಓದಿದೆ. ಎದುರು ಮನೆಯಾಕೆ ನನ್ನ ನೋಟ್‌ಬುಕ್ಕು ನೋಡಿ, "ಉಚ್ಚು ಬಿಡದ ಒರತು ಮದುವೆ ಆಗಲ್ಲ, ಮದುವೆ ಆಗದ ಒರತು ಉಚ್ಚು ಬಿಡಲ್ಲ" ಎಂದು ಅಮ್ಮನ ಮುಂದೆಯೇ ನನಗೆ ಗಾದೆ ಹೊಡೆದಳು. ಅಮ್ಮ ನಗಲಿಲ್ಲ. ಅವಳಿಗೆ ಆಗಲೇ ಈ ಕೆಲಸ ಒಳ್ಳೆಯದಲ್ಲ ಅನ್ನಿಸಿತ್ತು. ಉಪ್ಪುನೀರನ್ನು ಮನೆಯೊಳಗೆ ನಿಲ್ಲಿಸಿದರೆ ಮನೆಯ ಗೋಡೆ ಉಪ್ಪು ಹಿಡಿಯುತ್ತದೆ, ಗೋಡೆ ಆದಮೇಲೆ ಮನುಷ್ಯರು ಎಂದಳು. ನಾನು ವಿಜ್ಞಾನದ ಮೇಷ್ಟರಮ್ಮ. ಕೇಳಿಸಿಕೊಳ್ಳಲಿಲ್ಲ.

ತೊಟ್ಟಿಯನ್ನು ಬೆಂಗಳೂರಿನಲ್ಲಿ ಮಾಡಿಸಿ ತಂದೆ, ಎರಡೂವರೆ ಅಡಿ ಉದ್ದದ್ದು. ಸ್ಟ್ಯಾಂಡನ್ನು ಮಾತ್ರ ಅಪ್ಪ ತಾವೇ ಮಾಡುತ್ತೇನೆಂದು ಹಟ ಹಿಡಿದರು. ಕುಳಿತಲ್ಲೇ ಕುಳಿತು, ಒಂದು ಉಳಿ ಏಟಿಗೆ ಎರಡು ಉಸಿರು ಎಳೆದು, ಇಪ್ಪತ್ತು ದಿನ ತೆಗೆದುಕೊಂಡರು. ನಾಲ್ಕು ಕಾಲಿನ ಕೆಳಗೂ ನೆಲದಡಿಯಲ್ಲಿ ಹೊಡೆಯುವಂಥದೇ ಬೆಣೆ ಹೊಡೆದರು. ಬೆರಳ ಗೆಣ್ಣಿನಿಂದ ಮರವನ್ನು ತಟ್ಟಿ, ಕಿವಿ ಇಟ್ಟು ಕೇಳಿ, "ಇನ್ನು ಮನೆ ಬಿದ್ರೂ ಇದು ಬೀಳಲ್ಲ ಕಣಮ್ಮ" ಎಂದರು. ನಮ್ಮೂರಲ್ಲಿ ಅದು ತಮಾಷೆಯ ಮಾತಲ್ಲ.

ನೀರು ತರುವುದೇ ದೊಡ್ಡ ಕೆಲಸವಾಯಿತು. ಮದ್ರಾಸಿನ ಕಡಲತೀರದಲ್ಲಿ ಮೀನುಗಾರರಿಗೆ ಹೇಳಿ, ದಡದಿಂದ ದೂರದ ತಿಳಿನೀರನ್ನು ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿಸಿಕೊಂಡು, ಒಂದು ಸಲಕ್ಕೆ ಎರಡು ಕ್ಯಾನಿನಂತೆ ಮೂರು ಸಲ ರೈಲಿನಲ್ಲಿ ತಂದೆ. ಬಂಗಾರಪೇಟೆಯಲ್ಲಿ ಇಳಿದು ನಮ್ಮೂರಿಗೆ ಹೋಗುವ ಮಾರಿಕುಪ್ಪಂ ಗಾಡಿಗೆ ಕಾಯುತ್ತ ನಿಂತಾಗ ಟಿಕೆಟ್ ನೋಡುವವರು ಕ್ಯಾನು ತಟ್ಟಿ, ಸೀಮೆಎಣ್ಣೆಯಾ ಎಂದರು. ನೀರು ಅಂದೆ. ನಂಬಲಿಲ್ಲ. ಮುಚ್ಚಳ ತೆಗೆಸಿ, ಬೆರಳು ಅದ್ದಿ, ನಾಲಿಗೆಗೆ ಇಟ್ಟು ಥೂ ಎಂದು ಉಗಿದರು. "ಕಡಲ್ ತಣ್ಣಿ!" ಎಂದು ಪಕ್ಕದ ಪೋರ್ಟರಿಗೆ ತಮಿಳಿನಲ್ಲಿ ಕೂಗಿ ಹೇಳಿದರು. ಕೋಲಾರದ ಜನ ಸಿಹಿನೀರಿಗೆ ಬಾಯಿ ಬಿಡುತ್ತಿರುವಾಗ ಉಪ್ಪುನೀರನ್ನು ರೈಲಲ್ಲಿ ತರುವವಳನ್ನು ಅವರು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ನಮ್ಮ ಲೈನಿನ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ಸಾಲುನಿಂತಿದ್ದ ಹೆಂಗಸರೂ ನೋಡಿರಲಿಲ್ಲ. ಆ ಸಾಲಿನಲ್ಲಿ ಅಮ್ಮನ ತಾಮ್ರದ ಬಿಂದಿಗೆಯೂ ಇತ್ತು. ಹುಣಸೆಹಣ್ಣು ಉಪ್ಪು ಹಾಕಿ ಒಳಗೂ ಹೊರಗೂ ತಿಕ್ಕಿ ಬೆಳಗಿದ, ಇಡೀ ಸಾಲಿನಲ್ಲೇ ಹೆಚ್ಚು ಹೊಳೆಯುವ ಬಿಂದಿಗೆ. ದೇವರ ಪೂಜೆಗೂ ಅಪ್ಪ ಕುಡಿಯುವುದಕ್ಕೂ ಅದರದೇ ನೀರು.

ಸಂಕ್ರಾಂತಿಗೆ ಎರಡು ತಿಂಗಳು ಮುಂಚೆ ನೀರು ತುಂಬಿಸಿದೆ. ತಳಕ್ಕೆ ಹವಳದ ಮರಳು, ಅದರ ಮೇಲೆ ಒದ್ದೆ ಪೇಪರಿನಲ್ಲಿ ಸುತ್ತಿ ತಂದ ಹವಳದ ಕಲ್ಲು, ಮೂಲೆಯಲ್ಲಿ ಗಾಳಿ ಊದುವ ಸಣ್ಣ ಪಂಪು. ಆಮೇಲೆ ಕಾಯುವುದು. ಕಲ್ಲಿನಲ್ಲಿ ಸತ್ತದ್ದೆಲ್ಲ ಕೊಳೆತು, ಆ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಹುಟ್ಟುವವರೆಗೆ ಅದರೊಳಗೆ ಏನನ್ನು ಬಿಟ್ಟರೂ ಸಾಯುತ್ತದೆ. ಮನೆಯೆಲ್ಲ ಕೆಟ್ಟ ಮೊಟ್ಟೆಯ ವಾಸನೆ. ಸ್ಕೂಲಿನ ಲ್ಯಾಬಿನಿಂದ ತಂದ ದ್ರಾವಣವನ್ನು ಆ ನೀರಿಗೆ ಹನಿಸಿದರೆ ಅಮೋನಿಯಕ್ಕೆ ಅದು ದಿನವೂ ಹಳದಿಯಾಗುತ್ತಿತ್ತು. ನಾನು ಬಣ್ಣ ಬರೆದುಕೊಳ್ಳುತ್ತಿದ್ದೆ. ಅಮ್ಮ ಊದುಬತ್ತಿ ಹಚ್ಚುತ್ತಿದ್ದಳು.

ಅಪ್ಪ ಮಾತ್ರ ಕುರ್ಚಿಯನ್ನು ಗಾಜಿನ ಮುಂದೆ ಎಳೆಸಿಕೊಂಡು, ಏನೂ ಇಲ್ಲದ ನೀರನ್ನು ದಿನವಿಡೀ ನೋಡುತ್ತಿದ್ದರು. ಪಂಪಿನ ಗುಳುಗುಳು ಸದ್ದು ಅವರ ಉಸಿರಿನ ಜೊತೆಗೆ ನಡೆಯುತ್ತಿತ್ತು. ಕಲ್ಲಿನಿಂದ ಏನೇನೋ ಹೊರಬರುವುದನ್ನು ಮೊದಲು ಕಂಡವರು ಅವರೇ. ಒಂದು ಹುಳು, ಎರಡು ಬಸವನಹುಳು, ಶಂಖದೊಳಗೆ ಹಿಂಬದಿ ತೂರಿಸಿಕೊಂಡ ಉಗುರಿನಷ್ಟು ಏಡಿ. ಏಡಿಯ ಮೇಲೆ ಅವರಿಗೆ ವಿಶೇಷ ಕಣ್ಣು. ನೆಲದಡಿಯಲ್ಲಿ ಇಲಿಗಳಿಗೆ ತಮ್ಮ ಬುತ್ತಿಯಲ್ಲಿ ಪಾಲು ಹಾಕುತ್ತಿದ್ದವರು ಅವರು. "ಇಲಿ ಓಡೋಕೆ ಸುರು ಮಾಡುದ್ರೆ ನಾವೂ ಓಡೋದೇ. ಬಂಡೆಗಿಂತ ಮುಂಚೆ ಅದುಕ್ ಗೊತ್ತಾಗ್ತದೆ. ಸಣ್ಣ ಜೀವಗಳ್ನ ನೋಡ್ತಾ ಇರ್ಬೇಕು ಕಣಮ್ಮ" ಎನ್ನುತ್ತಿದ್ದರು.

ಬಣ್ಣ ಹಳದಿಯಾಗುವುದು ನಿಂತ ಮೇಲೂ ಎರಡು ವಾರ ಕಾದೆ. ಸಂಕ್ರಾಂತಿ ಕಳೆದು ಮದ್ರಾಸಿಗೆ ಹೋಗಿ ಕಡಲಹೂವನ್ನೂ, ಅದರ ಬೆರಳುಗಳ ನಡುವೆಯೇ ವಾಸ ಮಾಡುವ ಎರಡು ಕಿತ್ತಳೆ ಬಣ್ಣದ ಮೀನುಗಳನ್ನೂ, ಒಂದು ಕೆಂಪು ಸಿಗಡಿಯನ್ನೂ ತಂದೆ. ಹೂವು ಎರಡು ದಿನ ಮುದುಡಿಕೊಂಡಿತ್ತು. ಮೂರನೆಯ ದಿನ ಮಧ್ಯಾಹ್ನ ಸ್ಕೂಲಿನಿಂದ ಬಂದರೆ ಅಪ್ಪ ಅಳುತ್ತಿದ್ದರು. ತೊಟ್ಟಿಯಲ್ಲಿ ಅದು ಪೂರ್ತಿ ಅರಳಿ ತೂಗಾಡುತ್ತಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಆ ಸಂತೋಷದಲ್ಲೇ ಅಪ್ಪ ಅಮ್ಮನ ಕಡೆ ತಿರುಗಿ, "ಈ ಊವು ಅಳ್ಳಾಡೋಗಂಟ ನಾನೂ ಇರ್ತೀನಿ ಬುಡೆ, ಎದುರ್ಕೋಬ್ಯಾಡ" ಎಂದುಬಿಟ್ಟರು.

ಅವರು ಆಡಿದ್ದು ತಮಾಷೆಗೆ. ಅಮ್ಮನ ಮುಖ ನೋಡಿದಾಗ ನನಗೆ ಗೊತ್ತಾಯಿತು, ಅವಳಿಗೆ ಅದು ತಮಾಷೆಯಾಗಿ ಕೇಳಿಸಿಲ್ಲ ಎಂದು. ಅಲ್ಲಿಯವರೆಗೆ ತೊಟ್ಟಿಯ ಹತ್ತಿರ ಸುಳಿಯದವಳು ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದರ ಮುಂದೆ ನಿಂತಿದ್ದಳು. ಸ್ಟ್ಯಾಂಡಿನ ನಾಲ್ಕು ಕಾಲಿಗೂ ಅರಿಶಿನ ಕುಂಕುಮ ಬಿದ್ದಿತ್ತು.

ಮಾಘದಲ್ಲಿ ಒಂದು ಮಧ್ಯಾಹ್ನ ಏರ್‌ಬ್ಲಾಸ್ಟ್ ಆಯಿತು. ನೆಲದಡಿಯಲ್ಲಿ ಬಂಡೆ ತಾನಾಗಿ ಸಿಡಿಯುವುದಕ್ಕೆ ನಮ್ಮವರು ಹಾಗೆ ಹೇಳುತ್ತಿದ್ದರು. ಸಾಮಾನ್ಯವಾಗಿ ಮೊದಲು ಗೂಡಿನ ಪಾತ್ರೆ ಅಲುಗುತ್ತದೆ, ಆಮೇಲೆ ನಮ್ಮ ಕಾಲು. ಆ ದಿನ ಎಲ್ಲಕ್ಕಿಂತ ಮುಂಚೆ ತೊಟ್ಟಿಯ ನೀರಿನ ಮೇಲೆ ಸಣ್ಣಗೆ ಮುಳ್ಳೆದ್ದಿತು. ಹೂವು ತಟ್ಟನೆ ಮುಚ್ಚಿಕೊಂಡಿತು. ಆಮೇಲೆ ಪಾತ್ರೆ, ಆಮೇಲೆ ಕಿಟಕಿ. ಲೈನಿನ ಹೆಂಗಸರೆಲ್ಲ ಬೀದಿಗೆ ಬಂದು ಗಣಿಯ ಕಡೆ ಮುಖ ಮಾಡಿ ನಿಂತರು. ಅಪ್ಪ ಗಾಜಿನ ಮೇಲೆ ಅಂಗೈ ಊರಿ ಕುಳಿತಿದ್ದರು. ಆ ದಿನ ಯಾರ ಮನೆಗೂ ಕೆಟ್ಟ ಸುದ್ದಿ ಬರಲಿಲ್ಲ. ಬೆಣೆ ಹೊಡೆದ ಸ್ಟ್ಯಾಂಡು ಕೂದಲಷ್ಟೂ ಸರಿದಿರಲಿಲ್ಲ. ಹೂವು ಮತ್ತೆ ಬಿಚ್ಚಿಕೊಳ್ಳಲು ಸಂಜೆಯಾಯಿತು, ಅಲ್ಲಿಯವರೆಗೆ ಅಮ್ಮ ನೀರು ಕೂಡ ಕುಡಿಯಲಿಲ್ಲ.

ಬೇಸಿಗೆ ಬಂತು. ತೊಟ್ಟಿಯ ನೀರು ದಿನಕ್ಕೆ ಒಂದು ಬೆರಳು ಇಳಿಯತೊಡಗಿತು. ಇಳಿಯುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಇಳಿದಷ್ಟಕ್ಕೆ ಸಿಹಿನೀರು ಸೇರಿಸುತ್ತಿರಬೇಕು. ನಾನು ಗಾಜಿಗೆ ಬಣ್ಣದಲ್ಲಿ ಗೆರೆ ಎಳೆದು, ಬೆಳಿಗ್ಗೆ ಎಂಟಕ್ಕೇ ಸ್ಕೂಲಿಗೆ ಓಡುವವಳಾದ್ದರಿಂದ, ಆ ಕೆಲಸವನ್ನು ಅಮ್ಮನಿಗೆ ಒಪ್ಪಿಸಿದೆ. ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾತ್ರಿಯೇ ನೀರು ಹಿಡಿದಿಡು, ಬೆಳಿಗ್ಗೆ ಗೆರೆಯವರೆಗೆ ಹಾಕು, ಅಷ್ಟೇ ಎಂದೆ. ಆ ಬಕೆಟ್ಟೇ ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲು ಹೋದದ್ದು ಬಸವನಹುಳುಗಳು. ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿದ್ದವು. ಹತ್ತು ದಿನಕ್ಕೆ ಸಿಗಡಿ. ಅದು ಚಿಪ್ಪು ಕಳಚುವಾಗ ಅರ್ಧದಲ್ಲೇ ಸತ್ತಿತ್ತು. ಹೂವು ಅರಳುವುದು ದಿನದಿನಕ್ಕೆ ಕಡಿಮೆಯಾಯಿತು. ನಾನು ನೀರಿನ ಉಪ್ಪು ನೋಡಿದೆ, ಅಮೋನಿಯ ನೋಡಿದೆ, ಎಲ್ಲ ಸರಿಯಾಗಿತ್ತು. ಅಪ್ಪ ಮಾತ್ರ ದಿನವೂ ಒಂದೇ ಮಾತು ಹೇಳುತ್ತಿದ್ದರು. "ಏಡಿ ಕಲ್ಲಿನ ಮ್ಯಾಕ್ ಅತ್ತುತ್ತಾ ಐತೆ ಕಣಮ್ಮ. ಕೆಳಗೇನೋ ಸರಿ ಇಲ್ಲ."

ನಾನು ದೂಳಿನ ಮೇಲೆ ಅನುಮಾನ ಪಟ್ಟೆ. ನಮ್ಮೂರಲ್ಲಿ ಏನು ಕೆಟ್ಟರೂ ಮೊದಲು ಸೈನೈಡ್ ದಿಣ್ಣೆಯ ಕಡೆ ಬೆರಳು ಹೋಗುತ್ತದೆ. ಚಿನ್ನ ತೆಗೆದು ಬಿಸಾಡಿದ ಪುಡಿಮಣ್ಣಿನ ಗುಡ್ಡ ಅದು, ಬೇಸಿಗೆ ಗಾಳಿಗೆ ಎದ್ದು ಅನ್ನದ ತಟ್ಟೆಗೂ ಬೀಳುತ್ತಿತ್ತು. ಕಿಟಕಿಯ ಸಂದಿಗೆಲ್ಲ ಪೇಪರು ಅಂಟಿಸಿದೆ, ಬಾಗಿಲಿಗೆ ಒದ್ದೆ ಸೀರೆ ಕಟ್ಟಿದೆ. ತೊಟ್ಟಿಗೆ ಏನೂ ಗುಣವಾಗಲಿಲ್ಲ. ಗಾಳಿಯಿಲ್ಲದ ಆ ಕೋಣೆಯಲ್ಲಿ ಅಪ್ಪನ ಕೆಮ್ಮು ಹೆಚ್ಚಿತು, ತುಟಿ ನೀಲಿಯಾಯಿತು. ನಾಲ್ಕನೆಯ ದಿನ ಅವರೇ ಕೋಲಿನಿಂದ ಕಿಟಕಿಯ ಪೇಪರು ಹರಿದರು. ನಾನು ಅವತ್ತು ತಲೆ ಎತ್ತಲಿಲ್ಲ.

ಅಮ್ಮ ಬಡವಾಗಿದ್ದಳು. ಹೂವು ಮುದುಡಿದಷ್ಟೂ ಅವಳ ವ್ರತ ಹೆಚ್ಚಿತು. ಸೋಮವಾರ ಒಪ್ಪೊತ್ತು, ಶುಕ್ರವಾರ ಒಪ್ಪೊತ್ತು. ಅಪ್ಪನ ಉಸಿರು ಕೇಳುತ್ತ, ಹೂವು ನೋಡುತ್ತ, ಎರಡರ ನಡುವೆ ಓಡಾಡುತ್ತಿದ್ದಳು. ಎರಡೂ ಒಟ್ಟೊಟ್ಟಿಗೇ ಇಳಿಯುತ್ತಿದ್ದವು. ವಿಜ್ಞಾನ ಓದಿದ ನಾನೂ ಬೆಳಿಗ್ಗೆ ಎದ್ದು ಹೂವು ನೋಡಿದ ಮೇಲೆಯೇ ಅಪ್ಪನ ಕಡೆ ತಿರುಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಯುಗಾದಿಯ ರಜೆ. ಪುಸ್ತಕವನ್ನು ಮೊದಲಿನಿಂದ ಓದುತ್ತ ಕುಳಿತಿದ್ದೆ. ಎರಡು ಮೀನಿಗೂ ಏನೂ ಆಗಿಲ್ಲ, ಮೂಳೆಯಿಲ್ಲದ ಜೀವಗಳು ಮಾತ್ರ ಸಾಯುತ್ತಿವೆ, ಯಾಕೆ? ಮೀನಿನ ರೋಗಗಳ ಅಧ್ಯಾಯದಲ್ಲಿ, ನಾನು ಹಿಂದೆ ಹಾರಿಸಿದ್ದ ಪುಟದಲ್ಲಿ ಎರಡು ಸಾಲು ಇತ್ತು. ಮೀನಿನ ಹುಣ್ಣಿಗೆ ತಾಮ್ರ ಒಳ್ಳೆಯ ಔಷಧ, ಆದರೆ ಹವಳ, ಏಡಿ, ಕಡಲಹೂವುಗಳಿಗೆ ಅದರ ಚೂರೇಚೂರೂ ವಿಷ. ಒಮ್ಮೆ ನೀರಿಗೂ ಕಲ್ಲಿಗೂ ಸೇರಿದರೆ ಹೋಗದು.

ತಲೆ ಎತ್ತಿದೆ. ಅಮ್ಮ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಸೊಂಟದ ಮೇಲೆ ತಾಮ್ರದ ಬಿಂದಿಗೆ ಇಟ್ಟುಕೊಂಡು ತೊಟ್ಟಿಯ ಮುಂದೆ ನಿಂತಿದ್ದಳು. ತುಟಿ ಅಲುಗುತ್ತಿತ್ತು. ಚೊಂಬಿನಲ್ಲಿ ಮೊಗೆದು, ಚೊಂಬೂ ತಾಮ್ರದ್ದೇ, ಗೆರೆಯವರೆಗೆ ನಿಧಾನವಾಗಿ ಹುಯ್ದಳು. ಗೆರೆ ಮುಟ್ಟಿದ ಮೇಲೂ ಒಂದು ಚೊಂಬು ಜಾಸ್ತಿ ಹುಯ್ದಳು.

"ಬಕೆಟ್ಟು ಏನಾಯ್ತಮ್ಮ?" ಪುಸ್ತಕ ಮಡಚಿ ಕೇಳಿದೆ.

"ಅದಾ? ಬಚ್ಚಲಲ್ಲಿ ಬಟ್ಟೆ ನೆನೆಸೋ ಬಕೆಟ್ಟು ಕಣೇ. ನಿಮ್ಮಪ್ಪನ ಜೀವ ಇರೋ ನೀರ್ಗೆ ಅದ್ರಲ್ ಎಂಗ್ ಆಕ್ಲಿ? ನಾನು ಮೊದಲ್ನೇ ದಿನದಿಂದ ಇದ್ರಲ್ಲೇ ಆಕ್ತಾ ಇರೋದು. ದಿನಾ ಉಣಸೇಅಣ್ಣು ಆಕಿ ತಿಕ್ತೀನಿ."

ತಾಮ್ರದ ವಿಷಯ ಹೇಳಲು ಬಾಯಿ ತೆರೆದೆ. ಅಪ್ಪ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ತಲೆಯನ್ನು ಒಂದೇ ಒಂದು ಸಲ, ಅತ್ತಿಂದಿತ್ತ ಅಲ್ಲಾಡಿಸಿದರು. ಅಮ್ಮ ಬಿಂದಿಗೆ ಇಳಿಸಲು ಒಳಗೆ ಹೋದಳು.

"ಅವಳು ನೀರು ಉಯ್ದ ಮ್ಯಾಲೇ ಏಡಿ ಅತ್ತೋದು" ಎಂದರು ಅಪ್ಪ. ಪ್ರತಿ ಮಾತಿಗೂ ಉಸಿರು ಎಳೆಯಬೇಕಿತ್ತು. "ತಿಂಗಳಿಂದ ನೋಡ್ತಾ ಇದೀನಿ."

"ಗೊತ್ತಿದ್ದೂ ನಂಗ್ ಯಾಕಪ್ಪಾ ಏಳ್ಲಿಲ್ಲ?"

"ಗಣಿ ಒಳಗೆ ಇಲಿ ಓಡುದ್ರೆ ಕೂಗ್ಬೇಕು, ಅಲ್ಲಿ ಓಡೋಕೆ ದಾರಿ ಇರ್ತದೆ. ಇಲ್ಲಿ ನಾನ್ ಎಲ್ಲಿಗ್ ಓಡ್ಲಿ? ಅವಳಿಗೆ ಬೆಳಿಗ್ಗೆ ಎದ್ರೆ ನನಗೋಸ್ಕರ ಮಾಡೋಕೆ ಅದೊಂದ್ ಕೆಲ್ಸ ಐತೆ. ಕಿತ್ಕೋಬ್ಯಾಡ." ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಾನ್ ಓದ ಮ್ಯಾಲೂ ಅವಳು ಇರ್ತಾಳೆ. ಗಂಡನ್ನ ಕೈಯಾರೆ ಕೊಂದೆ ಅಂತ ಒತ್ಕೊಂಡ್ ಇರ್ಬೇಕಾ?"

ನನಗೆ ಸಿಟ್ಟು ಬಂದಿತ್ತು, ಅಮ್ಮನ ಮೇಲಲ್ಲ. ಕಾರಣ ಹೇಳದೆ ಸೂತ್ರ ಉರು ಹೊಡೆಸಬಾರದು ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುವವಳು ನಾನು. ಲೋಹ ತಾಕಬಾರದೆಂದು ಪುಸ್ತಕದಲ್ಲಿ ಓದಿಯೇ ಪ್ಲಾಸ್ಟಿಕ್ ಬಕೆಟ್ಟು ಆರಿಸಿದ್ದೆ, ಆದರೂ ಮನೆಯಲ್ಲಿ ಅಮ್ಮನಿಗೆ ಕೊಟ್ಟದ್ದು ಬರೀ ಅಪ್ಪಣೆ. ಒಂದು ವರ್ಷ ಓದಿ, ಮೂರು ಸಲ ಕಡಲಿನ ನೀರು ಹೊತ್ತು, ದಿನದಿನವೂ ನೀರಿನ ಬಣ್ಣ ಬರೆದುಕೊಂಡವಳಿಗೆ ಒಂದು ವಾಕ್ಯ ಹೇಳುವ ತಾಳ್ಮೆ ಇರಲಿಲ್ಲ.

ಐದು ದಿನದ ಮೇಲೆ ಅಮ್ಮ ರೇಷನ್ ತರಲು ಹೋದಾಗ ಹೂವು ಕಲ್ಲು ಬಿಟ್ಟು ಕಳಚಿತು. ಕೈಯಲ್ಲಿ ಎತ್ತಿಕೊಂಡರೆ ಬೆಂದ ಈರುಳ್ಳಿಯ ಹಾಗೆ ಕರಗುತ್ತಿತ್ತು. ಹಿತ್ತಿಲಲ್ಲಿ ಹೂಳಿ ಕೈ ತೊಳೆದು ಬಂದೆ. ಅಮ್ಮ ಬಂದವಳೇ ತೊಟ್ಟಿ ನೋಡಿ ಚೀಲವನ್ನು ಬಾಗಿಲಲ್ಲೇ ಬಿಟ್ಟಳು. ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿದರು. "ಕಲ್ಲೊಳಕ್ ಓಯ್ತು ಕಣೆ. ಸೆಕೆಗೆ. ಮಳೆ ಬಿದ್ರೆ ಆಚೆ ಬತ್ತದೆ." ನನ್ನ ಕಡೆ ತಿರುಗಿ, "ಅಲ್ವೇನಮ್ಮ, ಪುಸ್ತಕದಾಗೂ ಅಂಗೇ ಬರ್ದಿಲ್ವಾ?" ಎಂದರು.

ಬರೆದಿದೆ ಎಂದೆ.

ಅಮ್ಮ ಕಲ್ಲಿನ ತೂತಿನೊಳಗೆ ಕಣ್ಣಿಟ್ಟು ನೋಡಿದಳು. ಆಮೇಲೆ ಅವಳ ಮುಖ ಸ್ವಲ್ಪ ತಿಳಿಯಾಯಿತು. ಮಾರನೆಯ ಬೆಳಿಗ್ಗೆಯೂ, ಅದರ ಮಾರನೆಯ ಬೆಳಿಗ್ಗೆಯೂ ತಾಮ್ರದ ಬಿಂದಿಗೆ ಹೊತ್ತು ಬಂದು, ಆ ತೂತಿನ ಮೇಲೆಯೇ ಬೀಳುವ ಹಾಗೆ ನೀರು ಹುಯ್ದಳು. ಅಪ್ಪ ಕುರ್ಚಿಯಲ್ಲಿ ಒರಗಿ ಅವಳನ್ನು ನೋಡುತ್ತಿದ್ದರು. ನಾನು ಏಡಿಯನ್ನು ಹುಡುಕುತ್ತಿದ್ದೆ. ಅದು ಆಗಲೇ ಶಂಖ ಬಿಟ್ಟು ಸತ್ತಿತ್ತು.

ಮೂರು ವಾರಕ್ಕೆ, ಇನ್ನೂ ಮಳೆ ಬೀಳುವ ಮುಂಚೆ, ಅಪ್ಪ ಹೋದರು. ಮಧ್ಯಾಹ್ನದ ಊಟ ಆದಮೇಲೆ, ಅದೇ ಕುರ್ಚಿಯಲ್ಲಿ. ಆ ಹೊತ್ತಿಗೆ ಕರೆಂಟು ಹೋಗಿ ಪಂಪು ನಿಂತಿತ್ತು. ಸದ್ದು ನಿಂತದ್ದು ಯಾವುದರದು ಎಂದು ನನಗೆ ತಿಳಿಯುವುದು ಸ್ವಲ್ಪ ತಡವಾಯಿತು.

ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಬಂಗಾರಪೇಟೆ ಗಾಡಿ ಹತ್ತಿದ ಮೇಲೆ, ಅಮ್ಮ ಬಿಂದಿಗೆ ಹಿಡಿದು ತೊಟ್ಟಿಯ ಮುಂದೆ ಬಂದು ನಿಂತಳು. ಹುಯ್ಯಲಿಲ್ಲ. ಬಗ್ಗಿ ಕಲ್ಲಿನ ತೂತು ನೋಡಿದಳು.

"ಊವು ಕಲ್ಲೊಳಗೆ ಐತಲ್ಲೇ. ಮತ್ತೆ ನಿಮ್ಮಪ್ಪ ಯಾಕ್ ಓಗ್ಬುಟ್ರು?"

ಸುಳ್ಳು ಹೇಳುವುದನ್ನು ಕಲಿಸಿಕೊಟ್ಟವರು ಅದರ ಮುಂದಿನ ಭಾಗವನ್ನು ಹೇಳಿಕೊಡದೆ ಹೋಗಿದ್ದರು.

"ನಾನು ನೀರು ಆಕಿದ್ದು ಸಾಲ್ದೆ ಬಂತೇನೋ" ಎಂದಳು ಅಮ್ಮ. "ಒಂದೊಂದ್ ದಿನ ಬೇಜಾರಲ್ಲಿ ಗೆರೆಗೇ ನಿಲ್ಸ್ಬುಡ್ತಿದ್ದೆ. ಇನ್ನೊಂದ್ ಚೊಂಬು ಆಕ್ಬೇಕಿತ್ತು."

ಎರಡು ಮೀನುಗಳು ಅವಳ ನೆರಳು ಕಂಡು, ಊಟವೆಂದುಕೊಂಡು, ಮೇಲಕ್ಕೆ ಬಂದು ಬಾಯಿ ತೆರೆದವು.

"ಸಾಕಷ್ಟು ಆಕಿದ್ದೀಯಮ್ಮ" ಎಂದೆ.